ಕೊಬ್ಬರಿ ವಾಸನೆಯ ಇರುವೆ

ಸಕ್ಕರೆ ಕಾಯಿಲೆ, ಅದರಿಂದ ಕಣ್ಣು ಮಂಜು, ಕಾಲಿಗೆ ವಾಸಿಯಾಗದ ಹುಣ್ಣು, ಆಮೇಲೆ ಕಿಡ್ನಿ, ಮಗಳ ಮದುವೆಯಲ್ಲಿ ಎಲ್ಲರೂ ಹೋಳಿಗೆ ಉಣ್ಣುವಾಗ ನನ್ನೆದುರು ಬರೀ ಮಜ್ಜಿಗೆ... ಮೊನ್ನೆ ಹಲ್ಲುಜ್ಜುವ ಮೊದಲೇ ಇಷ್ಟನ್ನೂ ಅನುಭವಿಸಿ ಮುಗಿಸಿದ್ದೆ. ಕಾರಣ, ಬಚ್ಚಲಿನಲ್ಲಿ ಸಾಸಿವೆಗಿಂತ ಸಣ್ಣ ಇರುವೆಗಳ ಸಾಲು. ಬಚ್ಚಲಿಗೆ ಇರುವೆ ಬಂದರೆ ಮನೆಯಲ್ಲಿ ಯಾರಿಗೋ ಸಕ್ಕರೆ ಕಾಯಿಲೆ ಎಂಬುದು ನಮ್ಮ ಕಡೆಯ ನಂಬಿಕೆ. ಮನೆಯಲ್ಲಿ ಮೂವರಿದ್ದರೂ ಅದು ನನಗೇ ಎಂದು ತೀರ್ಮಾನಿಸಿದ್ದೆ. ಸಿಟ್ಟಿನಲ್ಲಿ ಒಂದನ್ನು ಹೆಬ್ಬೆರಳಿನಿಂದ ಹೊಸಕಿದೆ. ಬೆರಳಿಗೆ ಕಮಟು ಕೊಬ್ಬರಿಯ ವಾಸನೆ ಹತ್ತಿತು. ಪಕ್ಕದ ಮನೆಯ ಕಾಕೂ ನೆನಪಾದರು...

ಕಾಕೂ ಐನಾಪುರದ ಶೆಡ್ಡುಗಳಲ್ಲಿ ಒಣದ್ರಾಕ್ಷಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದರು. ದಿನವಿಡೀ ಸಿಹಿಯ ನಡುವೆ ಕೂತವರಿಗೆ ಯಾವ ಇರುವೆ ಕಡಿಯುತ್ತದೆ, ಯಾವುದು ಸುಮ್ಮನೆ ಓಡಾಡುತ್ತದೆ ಎಂಬುದು ತಿಳಿದಿರಲೇಬೇಕು.

ಆಗ ನನಗೆ ಇಪ್ಪತ್ತೈದು. ಚಿಂತೆ ಮಾಡುವುದರಲ್ಲಿ ಮಾತ್ರ ಐವತ್ತು. ಬಚ್ಚಲಿನಲ್ಲಿ ನಾಲ್ಕು ಇರುವೆ ಕಂಡದ್ದೇ ಅಪ್ಪನ ಬೆಲ್ಲದ ಚಹ ನಿಲ್ಲಿಸಿ, ಬೆಲ್ಲದ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ದವಾಖಾನೆಗೆ ಮಾತ್ರ ಕರೆದೊಯ್ಯಲಿಲ್ಲ. ಅಲ್ಲಿ ಏನು ಹೇಳುತ್ತಾರೋ ಎಂಬ ಭಯ. ವಾರದಲ್ಲಿ ಇರುವೆಗಳು ದುಪ್ಪಟ್ಟಾದವು. ರೋಗ ಏರುತ್ತಿದೆ ಎಂದುಕೊಂಡೆ. ಅಪ್ಪ ಬೀಗ ಹಾಕಿದ ದಿನದಿಂದಲೇ ನನ್ನೊಡನೆ ಮಾತು ಬಿಟ್ಟಿದ್ದರು.

ಎಂಟನೇ ದಿನ ಕಾಕೂ ಬಂದು ಅಪ್ಪನನ್ನು ಕೇಳಿದರು: “ಯಾಕ್ರಿ, ಚಾ ಬಿಟ್ಟೀರಂತಲ್ಲ?”

“ನಾ ಬಿಟ್ಟಿಲ್ಲ ವೈನಿ, ಬಿಡಿಸ್ಯಾನ. ಇರಿವಿ ನೋಡಿ ರೋಗ ಹೇಳೋ ಡಾಕ್ಟರ್ ಹುಟ್ಯಾನ ನಮ್ಮನ್ಯಾಗ.”

ಕಾಕೂ ನನ್ನನ್ನು ಬಚ್ಚಲಿಗೆ ಎಳೆದೊಯ್ದರು. ಒಂದು ಇರುವೆಯನ್ನು ಚಿವುಟಿ ನನ್ನ ಮೂಗಿಗೆ ಹಿಡಿದರು. “ಮೂಸ್ ನೋಡು.”

“ಕೊಬ್ರಿ... ಕೆಟ್ಟಿದ್ದು.”

“ಹಾಂ. ತಲಿ ಕರಿ, ಹೊಟ್ಟಿ ಬೆಳ್ಳಗ, ಹುಚ್ಚರಂಗ ಅಡ್ಡಾದಿಡ್ಡಿ ಓಡ್ತಾವು. ಕಡಿಯಂಗಿಲ್ಲ. ಹಸಿ ಗ್ವಾಡಿ ಕಂಡಲ್ಲೆ ಮನಿ ಮಾಡ್ತಾವು. ಉಚ್ಚಿ ಸಿಹಿ ಆಗಿದ್ರ ಮೋರಿ ಕಡಿ ಹೋಗ್ತಿದ್ವು. ಮ್ಯಾಲ ಹತ್ತಾಕತ್ತಾವ ನೋಡು.”

ಸಾಲು ನೀರಿನ ಹಂಡೆಯ ಮೇಲೆ ಸಾಮಾನು ಇಡುವ ಗೋಡೆಗೂಡಿಗೆ ಹೋಗಿತ್ತು. ಕಾಕೂ ಗೂಡಿಗೆ ಕೈ ಹಾಕಿದರು. ಕೈ ಒಂದು ಕ್ಷಣ ಅಲ್ಲೇ ನಿಂತಿತು. ಆಮೇಲೆ ಸೆರಗು ಸರಿಮಾಡಿಕೊಳ್ಳುತ್ತ, “ಬರೇ ಹಸಿ ಐತಿ” ಅಂದರು. “ಇರಿವಿಗೆ ರಗತ ಪರೀಕ್ಷಾ ಬರಂಗಿಲ್ಲೋ ಬಾಳಾ. ನಾಳಿ ಇಬ್ಬರೂ ಅಥಣಿಗೆ ಹೋಗಿ ತೋರಿಸ್ಕೊಂಡ ಬರ್ರಿ.”

ಹೋದೆವು. ಅಪ್ಪನಿಗೆ ಸಕ್ಕರೆ ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಎರಡು ಚಹ ಹೇಳಿ ಒಂದನ್ನು ನನ್ನ ಕಡೆ ಸರಿಸಿದರು. “ಕುಡೀರಿ ಡಾಕ್ಟರ್.” ಎಂಟು ದಿನಗಳ ನಂತರದ ಮೊದಲ ಮಾತು.

ಅಪ್ಪ ತೀರಿಹೋದ ಮೇಲೆ ಒಮ್ಮೆ ಕಾಕೂ ಹೇಳಿದರು, ಗೂಡಿನಲ್ಲಿ ಕಾಗದದಲ್ಲಿ ಸುತ್ತಿದ ಬೆಲ್ಲದ ಹೆಂಟೆ ಇತ್ತಂತೆ. ಅದನ್ನೇ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದರಂತೆ. “ಬಚ್ಚಲದಾಗ ನಿಂತ ಬೆಲ್ಲ ತಿಂತಿದ್ರೋ ನಿಮ್ಮಪ್ಪಾರು! ಅವತ್ತ ಹಿಡಕೊಟ್ಟಿದ್ರ ನಿಮ್ಮಿಬ್ಬರ ಮಾತು ಪೂರಾ ನಿಂತಬಿಡ್ತಿತ್ತು.” ನಗುತ್ತಲೇ ಕಣ್ಣು ಒರೆಸಿಕೊಂಡರು...

ಈ ಸಲ ನಾನು ಎಂಟು ದಿನ ಕಾಯಲಿಲ್ಲ. ಮರುದಿನವೇ ಹಾರೂಗೇರಿಗೆ ಹೋಗಿ ರಕ್ತ ಕೊಟ್ಟೆ. ಎಲ್ಲ ಸರಿಯಾಗಿದೆ ಎಂದರು. ದಾರಿಯುದ್ದಕ್ಕೂ ಒಬ್ಬನೇ ನಕ್ಕೆ. ಹೆದರಿದ್ದರಲ್ಲಿ ಒಂದೂ ಆಗಲಿಲ್ಲ. ತಪ್ಪಾದದ್ದು ಇಷ್ಟೇ: ಆ ಖುಷಿಯಲ್ಲಿ ನಮ್ಮ ಮನೆ ದಾಟಿ ನೇರ ಹೋಗಿ ಪಕ್ಕದ ಬಾಗಿಲು ಬಡಿದು, “ಕಾಕೂ” ಎಂದು ಕೂಗಿದೆ. ಅವರು ತೀರಿಹೋಗಿ ಎರಡು ವರ್ಷವಾಗಿದೆ. ಬಾಡಿಗೆಗಿರುವ ಹೆಣ್ಣುಮಗಳು ಬಾಗಿಲು ತೆರೆದು, “ಯಾರ್ ಬೇಕಾಗಿತ್ರಿ?” ಅಂದಳು.