ಗಾಳಿಯಕ್ಕನ ಹದಿನಾಲ್ಕು ಅಡಿ

ರೈಲು ಸೇತುವೆಯ ಕೆಳಗೆ ಲಾರಿ ಸಿಕ್ಕಿಕೊಂಡರೆ ಗಾಳಿಯಕ್ಕನಿಗೆ ಅಡುಗೆಮನೆಯಲ್ಲಿದ್ದರೂ ಗೊತ್ತಾಗುತ್ತಿತ್ತು. ಮೊದಲು ತಗಡು ಕಿರುಗುಟ್ಟುವ ಸದ್ದು, ಆಮೇಲೆ ಒಂದು ಗಳಿಗೆ ಮೌನ, ಆಮೇಲೆ ಹಿಂದಿನ ಗಾಡಿಗಳ ಹಾರ್ನು. "ಬಂತು ಇನ್ನೊಂದು" ಎಂದು ಗೊಣಗುತ್ತ ವಾಲ್ವ್ ಬಿಚ್ಚುವ ಕೀಲಿ ತೆಗೆದುಕೊಂಡು ಹೊರಡುವಳು. ಚಕ್ರಗಳ ಗಾಳಿ ಇಳಿಸಿದರೆ ಲಾರಿ ನಾಲ್ಕು ಬೆರಳು ಕುಗ್ಗುತ್ತದೆ. ಅಷ್ಟು ಸಾಕು, ಮೆಲ್ಲಗೆ ಹಿಂದಕ್ಕೆ ತೆಗೆಯಬಹುದು. ಹೊರಗೆ ಬಂದ ಮೇಲೆ ರಸ್ತೆ ಬದಿಯ ತನ್ನ ಟೈರ್ ಅಂಗಡಿಯಲ್ಲಿ ಅದೇ ಚಕ್ರಗಳಿಗೆ ಮತ್ತೆ ಗಾಳಿ ತುಂಬುವಳು. ಇಪ್ಪತ್ತಾರು ವರ್ಷದಿಂದ ಇದೇ ಕಸುಬು. ಹೆತ್ತವರು ಇಟ್ಟ ಹೆಸರು ಮತದಾರರ ಪಟ್ಟಿಯಲ್ಲಷ್ಟೇ ಉಳಿದಿತ್ತು.

ಎರಡು ಊರುಗಳ ಗಡಿ ಆ ಸೇತುವೆಯ ಕೆಳಗೇ ಹಾದುಹೋಗಿತ್ತು. ರಸ್ತೆಯ ಅರ್ಧ ಈಚೆ ಊರಿನದು, ಅರ್ಧ ಆಚೆ ಊರಿನದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಮಾತನ್ನು ಈ ಎರಡು ಪುರಸಭೆಗಳನ್ನು ನೋಡಿಯೇ ಹುಟ್ಟಿಸಿರಬೇಕು. ಡಾಂಬರು ಹಾಕುವುದರಲ್ಲಿ ಮಾತ್ರ ಇಬ್ಬರಿಗೂ ಪೈಪೋಟಿ. ಈಚೆಯವರು ಹಾಕಿದರೆ, ನಾವೇನು ಕಡಿಮೆ ಎಂದು ಆಚೆಯವರೂ ಹಾಕುವರು. ಹಳೆಯದನ್ನು ಕೆರೆದು ತೆಗೆಯುವ ತಾಪತ್ರಯ ಯಾರಿಗೂ ಬೇಡ. ಹೀಗೆ ನಾಲ್ಕು ಸಲ, ಸಲಕ್ಕೆ ಮೂರು ಅಂಗುಲದಂತೆ, ರಸ್ತೆ ಮೇಲೆದ್ದಿತು. ಸೇತುವೆ ಇದ್ದಲ್ಲೇ ಇತ್ತು. ಎರಡೂ ಕಡೆಯ ಫಲಕಗಳು ಹದಿನೈದು ಅಡಿ ಎನ್ನುತ್ತಲೇ ಇದ್ದವು. ಗಾಳಿಯಕ್ಕ ಬಿದಿರ ಗಳುವಿಗೆ ಟೇಪು ಕಟ್ಟಿ ಅಳೆದಿದ್ದಳು. ಹದಿನಾಲ್ಕೇ ಅಡಿ.

ಅಂಥಲ್ಲಿಗೆ ಒಂದು ದಿನ 'ಸರಕು ಸಾಗಣೆ ಸಮನ್ವಯ ಯೋಜನೆ' ಬಂತು. ಎರಡೂ ಊರಿನವರು ಸೇರಿ ಒಂದು ಜಂಟಿ ಸಮಿತಿ. ಅದಕ್ಕೆ ವರ್ತಕರ ಪರವಾಗಿ ಒಬ್ಬ ಸದಸ್ಯ ಬೇಕಿತ್ತು. ಗಾಳಿಯಕ್ಕನ ಗಂಡ ಇಸ್ತ್ರಿ ಅಂಗಿ ತೊಟ್ಟು ಹೋಗಿ ಆ ಕುರ್ಚಿ ಹಿಡಿದ. ಸೊಂಟ ನೋವೆಂದು ಹನ್ನೆರಡು ವರ್ಷದಿಂದ ಜಾಕ್ ಮುಟ್ಟದ ಮನುಷ್ಯ, ಮೂರು ಮೂರು ಗಂಟೆ ಸಭೆಯಲ್ಲಿ ಕೂತು ಬಂದರೂ ಸೊಂಟ ಚೆನ್ನಾಗಿಯೇ ಇರುತ್ತಿತ್ತು. ಬರುವಾಗ ಹೊಸ ಹೊಸ ಮಾತು ಕಲಿತು ತರುವನು.

"ಸಮನ್ವಯ ಅಂದ್ರೆ ಏನ್ರೀ?" ಎಂದು ಒಮ್ಮೆ ಕೇಳಿದಳು.

"ಎರಡೂ ಕಡೆಯವರು ಸೇರಿ ಕೆಲಸ ಮಾಡೋದು ಕಣೇ."

"ಸೇರಿ ಟೀ ಕುಡಿಯೋದನ್ನ ನಾನೂ ನೋಡಿದೀನಿ. ಕೆಲಸ ಯಾವತ್ತು ಶುರು?"

"ನಿನಗೆ ಇದೆಲ್ಲ ತಿಳಿಯಲ್ಲ ಬಿಡು. ದೊಡ್ಡ ತಂತ್ರಜ್ಞಾನ."

ಕೆಲಸವೂ ಶುರುವಾಯಿತು. ಸೇತುವೆಯ ಎರಡೂ ಕಡೆ ದೊಡ್ಡ ಪರದೆಗಳು ಎದ್ದವು. ಬರುವ ಲಾರಿಯ ಎತ್ತರ ಅಳೆಯಲು ಕಂಬದ ಮೇಲೆ ಕೆಂಪು ಕಣ್ಣಿನ ಯಂತ್ರ. ಚಾಲಕರ ಫೋನಿಗೆ ಹತ್ತಿರದ ದಾರಿ ತೋರಿಸುವ ನಕ್ಷೆ. ಯಂತ್ರ ಕೂರಿಸಲು ಬಂದ ಎಂಜಿನಿಯರನ ಬಳಿಗೆ ಗಾಳಿಯಕ್ಕ ತಾನಾಗಿಯೇ ಹೋದಳು.

"ಸಾರ್, ಇಲ್ಲಿ ಹದಿನೈದು ಅಡಿ ಇಲ್ಲ. ಹದಿನಾಲ್ಕೇ ಇರೋದು."

ಅವನು ಕೈಯಲ್ಲಿದ್ದ ಟ್ಯಾಬ್ ನೋಡಿದ. ತಲೆಯ ಮೇಲಿದ್ದ ಸೇತುವೆಯನ್ನು ನೋಡಲಿಲ್ಲ. "ದಾಖಲೆಯಲ್ಲಿ ಹದಿನೈದು ಇದೆಯಲ್ಲಮ್ಮ."

"ದಾಖಲೆ ಕೆಳಗೆ ಲಾರಿ ಓಡಲ್ಲ ಸಾರ್. ಟೇಪು ತರ್ತೀನಿ, ನೀವೇ ಅಳೀರಿ."

"ನಾವು ಅಳೆಯೋ ಹಾಗಿಲ್ಲ. ಎರಡೂ ಕಡೆಯ ಸರ್ವೇಯವರು ಒಂದೇ ದಿನ ಬಂದು ಜಂಟಿಯಾಗಿ ಅಳೀಬೇಕು."

ಒಂದೇ ದಿನ ಅವರು ಬರಲಿಲ್ಲ. ಈಚೆಯವರು ಬಂದ ದಿನ ಆಚೆಯವರಿಗೆ ರಜೆ, ಆಚೆಯವರು ಬಂದ ದಿನ ಈಚೆಯವರಿಗೆ ಜೀಪಿಲ್ಲ. ಗಂಡನನ್ನು ಕೇಳಿದರೆ, "ಮುಂದಿನ ಸಭೆಯಲ್ಲಿ ವಿಷಯಸೂಚಿಗೆ ಸೇರಿಸ್ತೀವಿ" ಎಂದ.

ಹದಿನೈದು ಎಂದೇ ಯಂತ್ರ ಚಾಲೂ ಆಯಿತು. ಹದಿನಾಲ್ಕೂವರೆ ಅಡಿಯ ಲಾರಿ ಬಂದರೆ ಪರದೆಯ ಮೇಲೆ ಹಸಿರು ಅಕ್ಷರದಲ್ಲಿ 'ಮುಂದೆ ಸಾಗಿ, ಶುಭ ಪ್ರಯಾಣ'. ಮೊದಲಾದರೆ ಹಳೆಯ ಚಾಲಕರು ಒಬ್ಬರಿಗೊಬ್ಬರು ಹೇಳಿಕೊಂಡು ದೂರದ ವರ್ತುಲ ರಸ್ತೆ ಹಿಡಿಯುತ್ತಿದ್ದರು. ಈಗ ಎಲ್ಲಿಂದಲೋ ಬಂದವರೆಲ್ಲ ಫೋನು ತೋರಿಸಿದ ದಾರಿಯಲ್ಲಿ ನುಗ್ಗಿ ಬಂದರು. ತಿಂಗಳಿಗೆ ನಾಲ್ಕು ಸಿಕ್ಕಿಕೊಳ್ಳುತ್ತಿದ್ದಲ್ಲಿ ವಾರಕ್ಕೆ ಒಂಬತ್ತು. ಸಮಿತಿಯ ವರದಿ ಮಾತ್ರ 'ಈ ಮಾರ್ಗದಲ್ಲಿ ಸಂಚಾರ ಮೂರು ಪಟ್ಟು ಹೆಚ್ಚಿದೆ' ಎಂದು ಬೆನ್ನು ತಟ್ಟಿಕೊಂಡಿತು.

"ನೋಡಿದೆಯಾ, ನಿನಗೂ ಒಳ್ಳೇ ವ್ಯಾಪಾರ" ಎಂದ ಗಂಡ. "ಸುಮ್ಮನಿರು."

"ಇನ್ನೊಬ್ಬರ ಗೋಳಿಗೆ ಗಾಳಿ ಹೊಡೆದು ಬದುಕೋ ಹಣೆಬರಹ ನನಗೆ ಬಂದಿಲ್ಲ" ಎಂದಳು. ಆದರೂ ಆ ಎರಡು ತಿಂಗಳು ಸುಮ್ಮನೇ ಇದ್ದಳು. ಅದನ್ನೂ ಹೇಳಬೇಕು. ಹಳೆಯ ಕಂಪ್ರೆಸರ್ ಬದಲಿಗೆ ಹೊಸದು ಬಂದದ್ದು ಆ ದಿನಗಳಲ್ಲೇ.

ಆಮೇಲೆ ಒಂದು ಮಧ್ಯಾಹ್ನ ಹತ್ತಿಯ ಮೂಟೆ ಹೇರಿದ ಲಾರಿ ಸಿಕ್ಕಿಕೊಂಡಿತು. ಗಾಳಿಯಕ್ಕ ಹಿಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತಿದ್ದಳು. ಚಾಲಕ, ಐವತ್ತರ ಆಸುಪಾಸಿನವನು, ಹಗ್ಗ ಸಡಿಲಿಸುತ್ತೇನೆಂದು ಮೇಲೆ ಹತ್ತಿದ. ಬೇಡ ಎಂದು ಇವಳು ಕೂಗುವಷ್ಟರಲ್ಲಿ ಜಾರಿ ಬಿದ್ದ. ಭುಜದ ಮೂಳೆ ಮುರಿದ ಸದ್ದು ಅವಳಿಗೆ ಕೇಳಿಸಿತು. ಅವನು ಬಿದ್ದದ್ದು ಸರಿಯಾಗಿ ಗಡಿಯ ಬಿಳಿ ಗೆರೆಯ ಮೇಲೆ. ಎರಡೂ ಕಡೆಯ ಪೊಲೀಸರು ಬಂದರು. ಯಾರ ಆಸ್ಪತ್ರೆಗೆ ಒಯ್ಯಬೇಕು, ದೂರು ಯಾರು ಬರೆದುಕೊಳ್ಳಬೇಕು ಎಂದು ಫೋನಿನಲ್ಲಿ ಮೇಲಿನವರನ್ನು ಕೇಳುತ್ತ ನಿಂತರು.

"ತಲೆ ಯಾರದು, ಕಾಲು ಯಾರದು ಅಂತ ಆಮೇಲೆ ಹಂಚ್ಕೊಳ್ಳಿ" ಎಂದಳು ಗಾಳಿಯಕ್ಕ. ಹಿಂದೆ ನಿಂತಿದ್ದ ತರಕಾರಿ ಟೆಂಪೋದವನನ್ನು ಕರೆದು ಚಾಲಕನನ್ನು ಅದರಲ್ಲಿ ಮಲಗಿಸಿ, ತಾನೂ ಹತ್ತಿ ಆಸ್ಪತ್ರೆಗೆ ಹೋದಳು. ದಾರಿಯುದ್ದಕ್ಕೂ ಅವನು ಒಂದೇ ಮಾತು ಹೇಳುತ್ತಿದ್ದ. "ಹಸಿರು ತೋರಿಸ್ತಲ್ಲಕ್ಕಾ."

ಅವಳಿಗೆ ಆ ಹೊತ್ತು ಸಮಿತಿಯ ಮೇಲೆ ಬಂದಷ್ಟೇ ಸಿಟ್ಟು ತನ್ನ ಮೇಲೂ ಬಂತು.

ಮರುದಿನ ಅಂಗಡಿಗೆ ಬೀಗ ಹಾಕಿದಳು. ಅಧ್ಯಕ್ಷರು, ಎಂಜಿನಿಯರು ಯಾರ ಬಾಗಿಲಿಗೂ ಹೋಗಲಿಲ್ಲ. ಕಂಪ್ಯೂಟರಿಗೆ ಸೇತುವೆಯ ಎತ್ತರದ ಅಂಕಿಯನ್ನು ಕುಟ್ಟುವ ಕೈ ಯಾರದು ಎಂದು ವಿಚಾರಿಸಿದಳು. ಈಚೆ ಊರಿನ ಕಚೇರಿಯಲ್ಲಿ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ಕಣ್ಣಿಗೆ ಹನಿ ಹಾಕಿಕೊಳ್ಳುತ್ತಿದ್ದ ಗುಮಾಸ್ತರೊಬ್ಬರು ಸಿಕ್ಕಿದರು.

"ನಾನು ಹದಿನಾಲ್ಕು ಅಂತ ಹಾಕಬಹುದಮ್ಮ. ಆದ್ರೆ ಅದೇ ದಿನ ಆಚೆ ಕಚೇರಿಯವರೂ ಹದಿನಾಲ್ಕು ಅಂತಾನೇ ಹಾಕಬೇಕು. ಇಲ್ಲದಿದ್ರೆ ರಾತ್ರಿ ತಾನಾಗೇ ಅಳಿಸಿ ಹೋಗತ್ತೆ."

"ಹಾಗಾದ್ರೆ ಅವರಿಗೊಂದು ಫೋನ್ ಮಾಡಿ."

"ಅವರು ಯಾರು ಅಂತಾನೇ ನನಗೆ ಗೊತ್ತಿಲ್ಲ."

ಎರಡು ಮೈಲಿ ದೂರದ ಕಚೇರಿ, ಒಂದೇ ಯಂತ್ರದ ಎರಡು ಕೊನೆ, ಎರಡು ವರ್ಷದ ಯೋಜನೆ. ಹದಿನೇಳು ಸಭೆಯ ಬಿಸ್ಕತ್ತು ಖರ್ಚಾಗಿತ್ತು, ಈ ಇಬ್ಬರನ್ನು ಒಬ್ಬರಿಗೊಬ್ಬರು ಪರಿಚಯ ಮಾಡಿಸುವ ಪುಣ್ಯಾತ್ಮ ಹುಟ್ಟಿರಲಿಲ್ಲ. ಗಾಳಿಯಕ್ಕ ಆಟೋ ಹಿಡಿದು ಆಚೆ ಊರಿಗೆ ಹೋದಳು. ಅಲ್ಲಿ ಈ ಕೆಲಸ ನೋಡುವವಳು ಒಬ್ಬಳು ಗುಮಾಸ್ತೆ. ಊಟದ ಡಬ್ಬಿ ತೆರೆದಿಟ್ಟುಕೊಂಡು ಎಲ್ಲವನ್ನೂ ಕೇಳಿದಳು.

"ಆಮೇಲೆ ಏನಾದ್ರೂ ಆದ್ರೆ? ಅಳತೆ ಮಾಡಿದವರ ಹೆಸರು ಅಂತ ಒಂದು ಖಾನೆ ಇದೆ. ಅಲ್ಲಿ ಏನು ಹಾಕಲಿ?"

"ನನ್ನ ಹೆಸರು ಹಾಕಿ."

"ಹುದ್ದೆ?"

"ಗಾಳಿ ತೆಗೆಯೋಳು ಅಂತ ಬರೀರಿ. ಸುಳ್ಳೇನಲ್ಲ."

ಗುಮಾಸ್ತೆ ನಕ್ಕಳು. ನಗು ನಿಂತ ಮೇಲೆ, "ಆ ಚಾಲಕನ ಭುಜ ಹೇಗಿದೆ?" ಎಂದು ಕೇಳಿದಳು. "ಕಂಬಿ ಹಾಕಿದಾರೆ. ಇನ್ನು ಸ್ಟೇರಿಂಗ್ ಹಿಡೀತಾನೋ ಇಲ್ವೋ" ಎಂದಳು ಗಾಳಿಯಕ್ಕ. ಗುಮಾಸ್ತೆ ಡಬ್ಬಿ ಮುಚ್ಚಿದಳು. ಗಾಳಿಯಕ್ಕನ ಫೋನಿನಿಂದ ಈಚೆ ಊರಿನ ಗುಮಾಸ್ತರಿಗೆ ಕರೆ ಹೋಯಿತು. ಇಲ್ಲಿ ಗುಮಾಸ್ತೆ ಹದಿನಾಲ್ಕು ಒತ್ತಿದಳು, ಅಲ್ಲಿ ಅವರೂ ಹದಿನಾಲ್ಕು ಒತ್ತಿದರು. ಎಲ್ಲ ಸೇರಿ ನಾಲ್ಕು ನಿಮಿಷ.

ಮರುದಿನ ಬೆಳಗ್ಗೆ ಎತ್ತರದ ಲಾರಿಯೊಂದು ಬಂತು. ಪರದೆ ಕೆಂಪಾಯಿತು. ಚಾಲಕನ ಫೋನು ವರ್ತುಲ ರಸ್ತೆ ತೋರಿಸಿತು. ಅವನು ಗಾಡಿ ತಿರುಗಿಸಿಕೊಂಡು ಹೋದ. ಯಂತ್ರ ಪಾಪ ಕೆಟ್ಟದ್ದೇನಾಗಿರಲಿಲ್ಲ. ಹೇಳಿದ್ದನ್ನು ನಂಬುವುದಷ್ಟೇ ಅದಕ್ಕೆ ಗೊತ್ತಿತ್ತು. ಆ ತಿಂಗಳು ಒಂದು ಲಾರಿಯೂ ಸಿಕ್ಕಿಕೊಳ್ಳಲಿಲ್ಲ.

ಸಮಿತಿಗೆ ಇದು ತಿಳಿದಾಗ ಮೊದಲು ಒಂದು ಸಮಾರಂಭ ಮಾಡಿದರು. 'ಜಂಟಿ ಪ್ರಯತ್ನದ ಫಲ' ಎಂದು ಅಧ್ಯಕ್ಷರು ಭಾಷಣ ಮಾಡಿದರು. ಗಾಳಿಯಕ್ಕನ ಗಂಡನಿಗೂ ಒಂದು ಫಲಕ ಸಿಕ್ಕಿತು. ಅದಾದ ಮೂರನೇ ದಿನ, ಅನುಮತಿಯಿಲ್ಲದೆ ದಾಖಲೆ ತಿದ್ದಿದ್ದಕ್ಕೆ ಇಬ್ಬರು ಗುಮಾಸ್ತರಿಗೂ ಕಾರಣ ಕೇಳುವ ನೋಟಿಸು ಹೋಯಿತು. ಅದರ ಕೆಳಗಿನ ಐದು ಸಹಿಗಳಲ್ಲಿ ಗಂಡನದೂ ಒಂದು.

"ಓದಿ ಹಾಕಿದ್ರಾ, ಓದದೆ ಹಾಕಿದ್ರಾ?" ಎಂದು ಕೇಳಿದಳು.

"ಎಲ್ಲರೂ ಹಾಕಿದ್ರು ಕಣೇ. ನಾನೊಬ್ಬ ಹಾಕದೇ ಇದ್ರೆ ಚೆನ್ನಾಗಿರತ್ತಾ?"

"ಅಳತೆ ನಂದು. ನನಗ್ಯಾಕೆ ನೋಟಿಸಿಲ್ಲ?"

"ನೀನು ಯಾವ ಇಲಾಖೆಯವಳು ಅಂತ ಅವರಿಗೆ ಗೊತ್ತಾಗಲಿಲ್ಲ."

ಮುಂದಿನ ಸಭೆಗೆ ಅವಳೂ ಗಂಡನ ಹಿಂದೆ ಹೋದಳು. ಗ್ರೀಸು ಮೆತ್ತಿದ ಕೈ ತೊಳೆದುಕೊಳ್ಳದೇ ಹೋದಳು. ನಿಯಮದ ಪ್ರಕಾರ ಮೊದಲು ಹದಿನೈದಕ್ಕೇ ಮರಳಿಸಿ, ಆಮೇಲೆ ಜಂಟಿ ಅಳತೆ ಮಾಡೋಣ ಎಂದು ಒಬ್ಬರು ಹೇಳುತ್ತಿದ್ದರು.

"ಮರಳಿಸಿ" ಎಂದಳು ಬಾಗಿಲಲ್ಲೇ ನಿಂತು. "ಯಾರು ಒತ್ತೀರೋ ಅವರ ಹೆಸರೂ ಅದೇ ಖಾನೆಯಲ್ಲಿ ಬರೀಬೇಕು. ಮುಂದೆ ಬೀಳೋ ಚಾಲಕನ ಮನೆಯವರಿಗೆ ಅವರ ವಿಳಾಸ ನಾನು ಕೊಡ್ತೀನಿ."

ಅಧ್ಯಕ್ಷರು ಆಚೆಯವರನ್ನು ನೋಡಿದರು, ಆಚೆಯವರು ಎಂಜಿನಿಯರನನ್ನು, ಎಂಜಿನಿಯರು ಟ್ಯಾಬನ್ನು. ಒತ್ತುತ್ತೇನೆ ಎನ್ನುವ ಒಂದು ಗಂಡು ಆ ಕೋಣೆಯಲ್ಲಿ ಇರಲಿಲ್ಲ. ವಿಷಯವನ್ನು ಮುಂದೂಡಿದರು. ಆ ಸಮಿತಿಯಲ್ಲಿ ಮುಂದೂಡಿದ್ದು ಮತ್ತೆ ಮೇಲೇಳುವುದಿಲ್ಲ. ಹದಿನಾಲ್ಕು ಹದಿನಾಲ್ಕಾಗಿಯೇ ಉಳಿಯಿತು.

ನೋಟಿಸುಗಳೂ ಹಾಗೇ ಫೈಲಿನಲ್ಲಿ ಮಲಗಿದವು. ಆಚೆ ಊರಿನ ಗುಮಾಸ್ತೆಯನ್ನು ಮಾತ್ರ ನೀರಿನ ವಿಭಾಗಕ್ಕೆ ಎತ್ತಿ ಹಾಕಿದರು. ಗಾಳಿಯಕ್ಕ ಹೋಗಿ ಕಂಡು, "ನನ್ನಿಂದ ನಿಮಗೆ ತೊಂದರೆ ಆಯ್ತು" ಎಂದಳು. "ಅಲ್ಲಿ ಮೆಟ್ಟಿಲು ಜಾಸ್ತಿ ಇತ್ತು. ಇಲ್ಲಿ ಕಿಟಕಿ ಇದೆ" ಎಂದಳು ಗುಮಾಸ್ತೆ. ಅದು ಸಮಾಧಾನಕ್ಕೆ ಹೇಳಿದ ಮಾತೆಂದು ಗಾಳಿಯಕ್ಕನಿಗೆ ಗೊತ್ತಾಗದೇ ಇರಲಿಲ್ಲ.

ಸೇತುವೆಯ ಬಳಿ ವ್ಯಾಪಾರ ಸತ್ತಿತು. ಲಾರಿಗಳೆಲ್ಲ ವರ್ತುಲ ರಸ್ತೆಗೆ ಹೋದ ಮೇಲೆ ಅವಳೂ ಅಂಗಡಿ ಕಿತ್ತು ಅಲ್ಲಿಗೇ ಹೋದಳು. ಪೆಟ್ರೋಲ್ ಬಂಕಿನ ಪಕ್ಕ ತಗಡಿನ ಶೆಡ್ಡು. ಅಲ್ಲಿ ಕಲ್ಲು ಮೊಳೆ ಜಾಸ್ತಿ, ಪಂಕ್ಚರು ಜಾಸ್ತಿ. ಗಂಡ ಯೋಜನೆಯ ಎರಡನೇ ಹಂತದ ಸಮಿತಿಗೂ ಸೇರಿಕೊಂಡಿದ್ದ. ವರ್ತುಲ ರಸ್ತೆಗೂ ಕ್ಯಾಮೆರಾ, ಪರದೆ ಬರುತ್ತವಂತೆ. ಒಂದು ದಿನ ಊಟ ಹೊತ್ತು ತಂದವನು ಶೆಡ್ಡಿನ ಮುಂದೆ ನಿಂತು, ನಾಳೆ ಸಭೆಯಲ್ಲಿ ಏನು ಮಾತಾಡಲಿ ಎಂದು ಅವಳನ್ನೇ ಕೇಳಿದ.

"ಮಾತು ಬೇಡ" ಎಂದಳು, ಟೈರಿನಿಂದ ಮೊಳೆ ಕೀಳುತ್ತ. "ಹೋಗೋ ಮುಂಚೆ ಆ ತಿರುವಲ್ಲಿ ಒಂದು ಗಂಟೆ ನಿಂತು, ಎಷ್ಟು ಲಾರಿ ಬರತ್ತೆ ಎಣಿಸಿ. ಅದನ್ನ ಹೇಳಿ."

ಅವನು ಬಿಸಿಲು ನೋಡಿದ, ತನ್ನ ಇಸ್ತ್ರಿ ಅಂಗಿ ನೋಡಿಕೊಂಡ. ಇಪ್ಪತ್ತು ನಿಮಿಷ ನಿಂತು ಮನೆಗೆ ಹೋದ. ಆ ಸಮಿತಿಯಲ್ಲಿ ಅಷ್ಟು ಹೊತ್ತು ರಸ್ತೆ ನೋಡಿದವನು ಅವನೊಬ್ಬನೇ.