ಮೀಟರ್ ಮಾವನ ಒಂಬತ್ತನೇ ನಂಬರು

ನನ್ನ ಸೋದರಮಾವ ಮನೆಮನೆಯ ಕರೆಂಟ್ ಮೀಟರ್ ಓದುವ ನೌಕರ. ದಿನಕ್ಕೆ ನೂರೈವತ್ತು ಮನೆ, ಎಲ್ಲವೂ ನಡಿಗೆಯಲ್ಲೇ. ಬಿಲ್ ಹಿಡಿದು ಯಾರಾದರೂ ಜಗಳಕ್ಕೆ ಬಂದರೆ ಅವರದ್ದು ಒಂದೇ ಉತ್ತರ: "ನಾನು ಸುಳ್ಳು ಹೇಳಬಹುದು ಸ್ವಾಮಿ, ಮೀಟರ್ ಹೇಳಲ್ಲ."

ಕಾಲೇಜು ಓದಲು ಹಳ್ಳಿಯಿಂದ ಬಂದ ನಾನು ಮೂರು ವರ್ಷ ಅವರ ಮನೆಯಲ್ಲಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಹಾಗಾಗಿ ಮೊದಲ ಪರೀಕ್ಷೆಗೂ ಮುಂಚೆಯೇ ಮಾವ ನನಗೆ 'ಡಿಗ್ರಿ' ಎಂದು ಹೆಸರಿಟ್ಟುಬಿಟ್ಟರು.

ದಿನವಿಡೀ ನಡೆಯುವ ಮನುಷ್ಯ ಬೆಳಿಗ್ಗೆ ಎದ್ದು ಓಡುವುದೇಕೆಂದು ಅತ್ತೆಗೆ ಇವತ್ತಿಗೂ ಬಗೆಹರಿದಿಲ್ಲ. "ನಡೆಯೋದು ಇಲಾಖೆಗೆ ಕಣೇ, ಓಡೋದು ನನಗೆ" ಎನ್ನುತ್ತಿದ್ದರು ಮಾವ.

ಹೀಗಿರುವಾಗ ಒಂದು ವರ್ಷ ಅವರಿಗೆ ಹಿಮ್ಮಡಿ ನೋವು ಶುರುವಾಯಿತು. ಹೆಬ್ಬೆರಳಿನ ಉಗುರೂ ಕಪ್ಪಾಯಿತು. ಬೆಳಿಗ್ಗೆ ಹಾಸಿಗೆಯಿಂದ ಬಚ್ಚಲಿನವರೆಗೆ ಗೋಡೆ ಹಿಡಿದೇ ಹೋಗಬೇಕು. ಗೋಡೆಯ ಮೇಲೆ ಅವರ ಅಂಗೈ ಗುರುತುಗಳು ಸಾಲಾಗಿ ಮೂಡಿದ್ದವು.

"ಇಲಾಖೆಯ ಓಟ ಒಂದು ಮುಗಿಸ್ಕೊಳ್ಳಿ," ಎಂದರು ಅತ್ತೆ. "ಮಾರನೇ ಬೆಳಿಗ್ಗೆ ಗೋಡೆ ಮುಟ್ಟಿದಿರೋ, ಅಲ್ಲಿಗೆ ನಿಮ್ಮ ಓಟ ಬಂದ್. ಬೂಟು ನಾನೇ ಎತ್ತಿ ಬಿಸಾಕ್ತೀನಿ."

ನೌಕರರ ಐದು ಕಿಲೋಮೀಟರ್ ಓಟಕ್ಕೆ ಇನ್ನೂ ಎಂಟು ವಾರವಿತ್ತು. ಮಾವ ತಲೆಯಾಡಿಸಿದರು. ಅವರು ಅಷ್ಟು ಬೇಗ ಒಪ್ಪಿದ್ದು ನೋಡಿ ನನಗೆ ಕಸಿವಿಸಿಯಾಯಿತು.

ಡಾಕ್ಟರು ಕೆಲವು ವಾರ ಓಟ ನಿಲ್ಲಿಸಿ, ಮೀನಖಂಡ ಸಡಿಲಿಸುವ ವ್ಯಾಯಾಮ ಮಾಡಿ, ಬೂಟು ಬದಲಿಸಿ ಎಂದರು. ನಾನು ಲೈಬ್ರರಿಯಲ್ಲಿ ಕೂತು ಬೂಟಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ, ಸಂಜೆಯೇ ಅಂಗಡಿಗೆ ಹೋಗಬೇಕೆಂದು ಹಟ ಹಿಡಿದೆ.

"ಬೂಟಿಗೂ ಗಳಿಗೆ ನೋಡ್ತಾರೇನೋ ಡಿಗ್ರಿ?"

"ಸಂಜೆಗೆ ಪಾದ ಸ್ವಲ್ಪ ಊದಿರುತ್ತೆ ಮಾವ. ಓಡುವಾಗಲೂ ಹಾಗೇ ಅಂತೆ. ಓಡುವಾಗ ಹಾಕೋ ಕಾಲುಚೀಲಾನೂ ಜೊತೆಗೆ ತಗೊಳ್ಳಿ."

ಅಂಗಡಿಯಲ್ಲಿ ಕನ್ನಡಕವನ್ನು ಕೊರಳಿಗೆ ನೇತುಹಾಕಿಕೊಂಡ ಹೆಂಗಸೊಬ್ಬರಿದ್ದರು. ಮಾವ ಒಳಗೆ ಕಾಲಿಡುತ್ತಲೇ "ಎಂಟನೇ ನಂಬರ್ ಕೊಡಮ್ಮ" ಎಂದರು. ಆಕೆ ಮೊದಲು ಹಳೇ ಬೂಟು ಕೇಳಿ ಪಡೆದು, ಅಡಿ ಮೇಲು ಮಾಡಿ ನೋಡಿದರು.

"ಒಳಗಡೆ ಅಂಚು ಹೆಂಗೆ ಸವೆದಿದೆ ನೋಡಿ. ನಿಮ್ಮ ಹೆಜ್ಜೆ ಒಳಕ್ಕೆ ವಾಲುತ್ತೆ ಅಣ್ಣ. ಬನ್ನಿ, ಈ ಅಳತೆ ಪಟ್ಟಿ ಮೇಲೆ ನಿಂತ್ಕೊಳ್ಳಿ."

"ಅಳೆಯೋದೇನಿದೆ? ಮದುವೆಯಲ್ಲಿ ಹಾಕ್ಕೊಂಡಿದ್ದೂ ಎಂಟೇ."

"ಮದುವೆ ಅಂಗಿ ಈಗ ಹಿಡಿಸುತ್ತಾ?"

ಮಾವ ಹೊಟ್ಟೆ ಒಳಕ್ಕೆಳೆದುಕೊಂಡು ಪಟ್ಟಿಯ ಮೇಲೆ ನಿಂತರು. ಬಲಗಾಲು ಎಂಟೂವರೆ, ಎಡಗಾಲು ಒಂಬತ್ತು. ಬಗ್ಗಿ ತಾವೇ ಓದಿದರು. ಊರಿನ ಲೆಕ್ಕವನ್ನೆಲ್ಲ ಓದುವ ಮನುಷ್ಯ ತನ್ನ ಕಾಲನ್ನು ಇಪ್ಪತ್ತು ವರ್ಷದಿಂದ ಓದಿಯೇ ಇರಲಿಲ್ಲ.

"ಈ ಪಟ್ಟಿ ಕೆಟ್ಟಿರಬೇಕು" ಎಂದು ಗೊಣಗಿದರು.

"ಮಾವ, ನೀವು ಸುಳ್ಳು ಹೇಳಬಹುದು..." ಎಂದು ನಾನು ಶುರುಮಾಡಿದೆ. ದುರುಗುಟ್ಟಿ ನೋಡಿದರು. ಆಮೇಲೆ ತಾವೇ ನಕ್ಕುಬಿಟ್ಟರು.

ಅವರ ಕಣ್ಣು ಕೆಂಪು ಬೂಟಿನ ಮೇಲಿತ್ತು. ಹಾಕಿಕೊಂಡು ಬೀದಿಯಲ್ಲಿ ದರ್ಜಿ ಅಂಗಡಿಯವರೆಗೆ ನಡೆದುಬಂದರೆ ಹಿಮ್ಮಡಿ ಜಾರುತ್ತಿತ್ತು. ಎರಡನೆಯದು ಪಾದದ ಅಗಲಕ್ಕೆ ಬಿಗಿ. ಮೂರನೆಯದರಲ್ಲಿ ಬೆರಳ ತುದಿಗೂ ಬೂಟಿನ ಮೂತಿಗೂ ನಡುವೆ ಹೆಬ್ಬೆರಳಗಲ ಜಾಗ, ಹಿಮ್ಮಡಿ ಭದ್ರ, ಒಳಪಕ್ಕಕ್ಕೆ ಗಟ್ಟಿ ಆಸರೆ. ಬಣ್ಣ ಮಾತ್ರ ಬೂದಿ.

"ಥೇಟ್ ಮೀಟರ್ ಪೆಟ್ಟಿಗೆ" ಎಂದು ಮಾವ ಮುಖ ಸಿಂಡರಿಸಿದರು. ಆದರೂ ಒಂಬತ್ತನೇ ನಂಬರಿನ ಅದನ್ನೇ ಕಟ್ಟಿಸಿಕೊಂಡರು.

ನಾಲ್ಕು ವಾರ ಕಳೆದು ಡಾಕ್ಟರು ನಿಧಾನವಾಗಿ ಓಡಬಹುದೆಂದಾಗ ನೋಡುತ್ತೇನೆ, ಮಾವ ಹಳೇ ಬೂಟಿನ ದಾರ ಕಟ್ಟುತ್ತಿದ್ದಾರೆ! ಹೊಸದು ಡಬ್ಬದ ಸಮೇತ ಅಲಮಾರಿನ ಮೇಲಿತ್ತು.

"ಓಟದ ದಿನಕ್ಕೆ ಅಂತ ಇಟ್ಟಿದ್ದೀನೋ."

ನಮ್ಮವರ ಹಳೇ ಚಾಳಿ ಇದು. ನನ್ನ ಬಾಲ್ಯದ ಮೊದಲ ಬೂಟನ್ನು ಅಮ್ಮ ಒಳ್ಳೇ ದಿನಕ್ಕೆಂದು ಪೆಟ್ಟಿಗೆಯಲ್ಲಿಟ್ಟರೆ, ಆ ದಿನ ಬರುವಷ್ಟರಲ್ಲಿ ನನ್ನ ಕಾಲೇ ಬೆಳೆದುಬಿಟ್ಟಿತ್ತು. ಅದನ್ನು ನೆನಪಿಸಿದೆ. "ಕಾಲಿಗೆ ಒಗ್ಗದ ಬೂಟಲ್ಲಿ ಐದು ಕಿಲೋಮೀಟರ್ ಓಡಿದ್ರೆ ಬೊಬ್ಬೆ ಗ್ಯಾರಂಟಿ ಮಾವ." ಅವರು ಸ್ಟೂಲು ಹತ್ತಿ ಡಬ್ಬ ಇಳಿಸಿದರು.

ಓಟದಲ್ಲಿ ಮಾವ ಬಂದದ್ದು ಮೂವತ್ತೊಂದನೆಯವರಾಗಿ. ಓಡಿದ್ದು ನಲವತ್ತು ಜನ.

ಮಾರನೇ ಬೆಳಿಗ್ಗೆ ಅತ್ತೆ ಅಡುಗೆಮನೆಯ ಬಾಗಿಲಲ್ಲಿ, ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ನಾನು ಪುಸ್ತಕ ಹಿಡಿದು ಓದಿದಂತೆ ನಟಿಸುತ್ತಿದ್ದೆ. ಮಾವ ಹಾಸಿಗೆಯಿಂದ ಇಳಿದು ಒಂದು ಗಳಿಗೆ ನಿಂತರು. ಆಮೇಲೆ ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು, ಕೋಣೆಯ ನಟ್ಟನಡುವೆ, ತಪಾಸಣೆಗೆ ಬಂದ ಸಾಹೇಬರ ಹಾಗೆ ನಡೆದು ಬಚ್ಚಲು ಸೇರಿದರು.

ಅತ್ತೆ ಬಾಗಿಲ ಮೂಲೆಯಲ್ಲಿದ್ದ ಹಳೇ ಎಂಟನೇ ನಂಬರನ್ನು ಎರಡು ಬೆರಳಲ್ಲಿ ಎತ್ತಿ ಕಸದ ಬುಟ್ಟಿಗೆ ಹಾಕಿ, ಒದ್ದೆ ಬಟ್ಟೆ ತಂದು ಗೋಡೆ ಒರೆಸತೊಡಗಿದರು.