ನೀಲಮ್ಮ ತೋರಿಸಿದ್ದ ಎಣ್ಣೆ

ನೀಲಮ್ಮ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದವಳು ನಾನು. ಕಾರಿನ ಇಂಜಿನ್ ಎಣ್ಣೆಯಲ್ಲಿ ಪೆಟ್ರೋಲ್ ಸೇರುತ್ತಿದೆ ಎಂದು ನನಗೆ ಗೊತ್ತಿತ್ತು. ಆಕೆ ಕೇಳಲು ಬಂದಳು, ಹೇಳಲಿಲ್ಲ. ಆಮೇಲೆ, ಆಕೆ ಕೇಳಲು ಬಂದೇ ಇಲ್ಲ ಎಂದೆ. ಹತ್ತು ವರ್ಷದ ಮೇಲಾಯಿತು. ನಾನು ಮೂರನೆಯ ಇಯತ್ತೆ ಓದಿದವಳು, ಅಂದವಾಗಿ ಬರೆಯಲು ಬರುವುದಿಲ್ಲ. ಅಂದ ಮಾಡಿ ಹೇಳುವಂಥದ್ದು ಇದರಲ್ಲಿ ಏನೂ ಇಲ್ಲ.

ನೀಲಮ್ಮ ನನ್ನ ನೆಗೆಣ್ಣಿ — ಮೈದುನ ಶಿವಶರಣನ ಹೆಂಡತಿ. ಸುಲೇಪೇಟದವಳು, ಹತ್ತನೆಯ ತನಕ ಓದಿದ್ದಳು. ಶಹಾಬಾದಿನಲ್ಲಿ ನಮ್ಮ ಯಜಮಾನರದು ಗ್ಯಾರೇಜು. ಮುಂದೆ ಶೆಡ್ಡು, ಹಿಂದೆ ಮನೆ, ಎರಡೂ ಸಂಸಾರ ಅಲ್ಲೇ. ಯಜಮಾನರಿಗೆ ನಶ್ಯದ ಚಟ, ಮೂಗು ಸತ್ತೇ ಹೋಗಿತ್ತು. ಅದಕ್ಕೇ ಯಾವ ಗಾಡಿ ಬಂದರೂ ಗೇಜು ಕಡ್ಡಿ — ಇಂಜಿನ್ನಿನಲ್ಲಿ ಎಣ್ಣೆ ಎಷ್ಟಿದೆ ಎಂದು ತೋರಿಸುವ ಕಡ್ಡಿ — ಎಳೆದುಕೊಂಡು ಅಡುಗೆಮನೆಯ ಬಾಗಿಲಿಗೆ ಬರುತ್ತಿದ್ದರು. ಮೂಸಿ ಹೇಳು ಅನ್ನುತ್ತಿದ್ದರು. ನಾನು ರೊಟ್ಟಿ ಹಿಟ್ಟಿನ ಕೈ ಹಿಂದೆ ಹಿಡಿದು ಮೂಸುತ್ತಿದ್ದೆ. ಅನುಮಾನ ಬಂದರೆ ಒಂದು ಹನಿ ಹಳೆಯ ಪೇಪರಿನ ಮೇಲೆ ಬಿಡುತ್ತಿದ್ದೆ. ಒಳ್ಳೆಯ ಎಣ್ಣೆ ಬಿದ್ದಲ್ಲೇ ಕೂರುತ್ತದೆ. ಪೆಟ್ರೋಲ್ ಕೂಡಿದ್ದರೆ ತೆಳ್ಳಗೆ ಅಗಲವಾಗಿ ಹಬ್ಬುತ್ತದೆ. ಒಮ್ಮೆಯೂ ತಪ್ಪಿರಲಿಲ್ಲ. "ಡಾಕ್ಟರ್ ಒಳಗ ರೊಟ್ಟಿ ಬಡೀತಾಳ, ಹೊರಗ ಕುಂತಾಂವ ಬರೇ ಕಂಪೌಂಡರ್" ಎಂದು ಓಣಿಯವರು ಯಜಮಾನರನ್ನು ಛೇಡಿಸುತ್ತಿದ್ದರು. ಅವರೂ ನಗುತ್ತಿದ್ದರು. ನನಗಿದ್ದ ಮರ್ಯಾದೆ ಅದೊಂದೇ.

ಆಮೇಲೆ ಶಿವಶರಣ ಬಾಡಿಗೆ ಓಡಿಸಲು ಹಳೆಯ ಪೆಟ್ರೋಲ್ ಕಾರು ತಂದ. ಚಿತ್ತಾಪುರ, ಸೇಡಂ, ಚಿಂಚೋಳಿ — ಕರೆದಲ್ಲಿಗೆ ಹೋಗುತ್ತಿದ್ದ. ದಿನಾ ಬೆಳಿಗ್ಗೆ ಎಣ್ಣೆ ನೋಡುವ ಕೆಲಸ ಯಜಮಾನರು ನೀಲಮ್ಮನಿಗೆ ಕಲಿಸಿದರು. ಎಂಟೇ ದಿನ. ಕಡ್ಡಿ ಎಳೆಯುವುದು, ಒರೆಸುವುದು, ಮತ್ತೆ ಅದ್ದುವುದು — ಗಂಡಸರಿಗಿಂತ ಚೊಕ್ಕ. ಅಷ್ಟಕ್ಕೇ ಬಿಡಲಿಲ್ಲ. ಎಣ್ಣೆ ಎಲ್ಲಿಯ ತನಕ ಬಂದಿದೆ ಎಂದು ಶೆಡ್ಡಿನ ಗೋಡೆಯ ಮೇಲೆ ಬಳಪದಿಂದ ದಿನಕ್ಕೊಂದು ಗೆರೆ ಎಳೆದು, ಪಕ್ಕದಲ್ಲಿ ವಾರ ಬರೆಯುತ್ತಿದ್ದಳು. ಅದನ್ನು ಯಾರೂ ಕಲಿಸಿರಲಿಲ್ಲ. ದೀಪಾವಳಿ ಮುಗಿದ ಮೇಲೆ ಕಾರು ಓಡಿಸಲು ಕಲಿಸುತ್ತೇನೆ ಎಂದು ಶಿವಶರಣ ಮಾತು ಕೊಟ್ಟಿದ್ದ. ನಮ್ಮ ಓಣಿಯಲ್ಲಿ ಆಗ ಹೆಂಗಸರು ಸೈಕಲ್ ಸಹ ಹತ್ತುತ್ತಿರಲಿಲ್ಲ.

ಬಂದವರಿಗೆಲ್ಲ ಯಜಮಾನರು ಆ ಗೋಡೆ ತೋರಿಸುತ್ತಿದ್ದರು. ಒಂದು ದಿನ ನಾನು ಚಹಾ ಕೊಡಲು ಹೋದಾಗ, ನನ್ನ ಎದುರೇ, ಒಬ್ಬ ಲಾರಿಯವನಿಗೆ ಹೇಳಿದರು — "ನಮ್ಮ ನೀಲಮ್ಮ ಗಂಡಸಾಗಿದ್ರ ಈ ಗ್ಯಾರೇಜಿನ ಕೀಲಿ ಆಕಿ ಕೈಯಾಗ ಕೊಡ್ತಿದ್ದೆ ನೋಡು."

ಇಪ್ಪತ್ತೈದು ವರ್ಷ ಅವರ ಕಡ್ಡಿ ಮೂಸಿದವಳು ನಾನು. ನನಗೆ ಹಾಗೆ ಒಂದು ದಿನವಾದರೂ — ಇರಲಿ. ಅಡುಗೆಮನೆಯ ಬಾಗಿಲಿಗೆ ಅವರು ಬರುವುದು ಕಡಿಮೆಯಾಗಿತ್ತು. ನೀಲಮ್ಮನ ರೊಟ್ಟಿ ದಪ್ಪ ಎಂದು ನಾಲ್ಕು ಮಂದಿಯ ಮುಂದೆ ಆಡಿದೆ. ಆಕೆ ಬಾವಿಯಿಂದ ತಂದ ನೀರು ಚೆಲ್ಲಿ ಬೇರೆ ತಂದೆ. ತಣಿಯಲಿಲ್ಲ.

ಅದೇ ತಿಂಗಳು ಕಲ್ಲಿನ ಲಾರಿಯೊಂದರ ಇಂಜಿನ್ ಬಿಚ್ಚುವ ಕೆಲಸಕ್ಕೆ ಯಜಮಾನರು ವಾಡಿಗೆ ಹೋದರು, ಹತ್ತು ದಿನದ ಕೆಲಸ. ನಾಲ್ಕನೆಯ ದಿನ ಬೆಳಿಗ್ಗೆ ನೀಲಮ್ಮ ಕಡ್ಡಿ ಹಿಡಿದು ನನ್ನ ಬಾಗಿಲಿಗೆ ಬಂದಳು. ಎಣ್ಣೆ ಇಳಿಯಬೇಕು, ದಿನಾ ಏರುತ್ತಿದೆ. ಹಾಕಿದವರು ಯಾರೂ ಇಲ್ಲ. ವಾಸನೆಯೂ ಯಾಕೋ ಬೇರೆ ಅನಿಸುತ್ತದೆ, ನೀವು ನೋಡಿ ಹೇಳಿ ಎಂದಳು.

ಮೂಗಿನ ತನಕ ಒಯ್ಯುವುದೇ ಬೇಡವಾಗಿತ್ತು. ಪೆಟ್ರೋಲು. ಪೆಟ್ರೋಲ್ ಎತ್ತುವ ಪಂಪಿನೊಳಗೆ ಒಂದು ತೆಳು ಪೊರೆ ಇರುತ್ತದೆ. ಅದು ಹರಿದರೆ ಪೆಟ್ರೋಲ್ ಕೆಳಗಿಳಿದು ಇಂಜಿನ್ ಎಣ್ಣೆಗೆ ಸೇರುತ್ತದೆ. ಎಣ್ಣೆ ಹೆಚ್ಚಾದಂತೆ ಕಾಣುತ್ತದೆ, ನಿಜದಲ್ಲಿ ನೀರಿನಂತೆ ತೆಳ್ಳಗಾಗುತ್ತಿರುತ್ತದೆ, ಹಾಗೇ ಓಡಿಸಿದರೆ ಇಂಜಿನ್ ಒಳಗೇ ಸುಡುತ್ತದೆ. ಪೊರೆ ಬದಲಿಸಿ ಹೊಸ ಎಣ್ಣೆ ಹಾಕಿದರೆ ಮುಗಿಯಿತು. ಒಂದು ಮಧ್ಯಾಹ್ನದ ಕೆಲಸ. ಇದೆಲ್ಲ ನನ್ನ ನಾಲಿಗೆಯ ತುದಿಯಲ್ಲೇ ಇತ್ತು.

ನಾನು ಹೇಳಿದ್ದು ಇದು — "ಬರಕತ್ತ ಅದ ಬಿಡವಾ. ಮಂದಿ ಗಾಡಿ ಎಣ್ಣಿ ಕುಡೀತಾವ, ನಿಂದು ಹೆಚ್ಚ ಮಾಡ್ಲಿಕತ್ತದ. ನಿನ್ನ ಕೈಗುಣ ಭಾಳ ಚೊಲೋ."

ದೇವರು ತಾನಾಗಿ ಹೆಚ್ಚಿಸಿ ಕೊಡುವುದೇ ಬರಕತ್ತು; ಅದೆಂದರೆ ನಮ್ಮ ಕಡೆ ಯಾರೂ ಎದುರು ಮಾತಾಡುವುದಿಲ್ಲ. ಕಣಜ ಉಕ್ಕಿದರೆ ಅಳೆಯಬಾರದು, ಯಾಕೆ ಉಕ್ಕಿತು ಎಂದು ಕೇಳಬಾರದು, ಕೇಳಿದರೆ ನಿಂತುಹೋಗುತ್ತದೆ ಅನ್ನುತ್ತಾರೆ. ಅದಕ್ಕೇ ಆ ಮಾತನ್ನೇ ಆರಿಸಿದೆ. ಆಕೆ ಕಡ್ಡಿಯನ್ನು ಚಿಂದಿಯಿಂದ ಒರೆಸಿದಳು. ಭಾವ ಬಂದ ಮೇಲೆ ಒಮ್ಮೆ ತೋರಿಸಲೇ ಎಂದು ಕೇಳಿದಳು. ಒಂದು ಕಡ್ಡಿ ನೋಡಲು ಬರುವುದಿಲ್ಲವೇ ಎಂದು ನಗುತ್ತಾರೆ ನೋಡು ಎಂದೆ. ಹೋದಳು. ಆಕೆ ಒರೆಸಿ ಬಿಟ್ಟ ಚಿಂದಿಯನ್ನು ನಾನು ಪೇಪರಿನ ಮೇಲೆ ಹಿಂಡಿದೆ. ಹನಿ ಅಂಗೈಯಷ್ಟು ಹಬ್ಬಿತು. ಪೇಪರನ್ನು ಒಲೆಗೆ ಹಾಕಿದೆ, ಭಗ್ ಎಂದು ಹತ್ತಿತು. ತಿಳಿಯದೆ ಮಾಡಿದೆ ಎಂದು ಯಾರೂ ನನ್ನ ಪರ ಆಡಬಾರದು, ಅದಕ್ಕೇ ಇದನ್ನೂ ಬರೆದೆ.

ನಾಲ್ಕು ದಿನ ಬಿಟ್ಟು, ಹೆಣ್ಣು ನೋಡಲು ಹೊರಟವರನ್ನು ಶಿವಶರಣ ಕೂರಿಸಿಕೊಂಡು ಹೋಗುವಾಗ ಸೇಡಂ ರಸ್ತೆಯಲ್ಲಿ ಇಂಜಿನ್ ಜಾಮ್ ಆಯಿತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತರುತ್ತಿದ್ದಾರೆ ಎಂದು ಸುದ್ದಿ ಬಂತು. ನೀಲಮ್ಮ ರಸ್ತೆಗೆ ಓಡಿದಳು. ನಾನು ಒದ್ದೆ ಬಟ್ಟೆ ತೆಗೆದುಕೊಂಡು ಶೆಡ್ಡಿಗೆ ಹೋಗಿ ಗೋಡೆಯ ಗೆರೆಗಳನ್ನೆಲ್ಲ ಒರೆಸಿದೆ. ಒಂದರ ಮೇಲೊಂದು ಏರುತ್ತಾ ಹೋಗಿದ್ದವು. ಚಂದ ಎಳೆದಿದ್ದಳು.

ಸುದ್ದಿ ತಿಳಿದು ಯಜಮಾನರು ಅದೇ ಸಂಜೆ ವಾಡಿಯಿಂದ ಬಂದು ಇಂಜಿನ್ ಬಿಚ್ಚಿದರು. ಒಳಗೆ ಬೇರಿಂಗ್ ಎಲ್ಲ ಸುಟ್ಟಿತ್ತು. ಹರಿದ ಪೊರೆ ಕೈಯಲ್ಲಿ ಹಿಡಿದು ನೀಲಮ್ಮನನ್ನು ಕರೆದರು. ಬೈಯಲಿಲ್ಲ. ಎಣ್ಣೆ ಏರಿರಬೇಕಲ್ಲ, ದಿನಾ ನೋಡುವವಳು ನೀನು, ಕಾಣಲಿಲ್ಲವೇ ಎಂದರು.

"ಕಂಡಿತ್ತು ಭಾವಾರ. ಅಕ್ಕಗ ತೋರ್ಸೀನ್ರಿ. ಗ್ವಾಡಿ ಮ್ಯಾಗ ಗೆರಿನೂ ಅವ, ನೋಡ್ರಿ."

ಎಲ್ಲರೂ ಗೋಡೆ ನೋಡಿದರು. ಆಮೇಲೆ ನನ್ನನ್ನು.

"ನನಗ ಏನೂ ತೋರ್ಸಿಲ್ಲ" ಎಂದೆ.

ನೀಲಮ್ಮ ಅಳಲಿಲ್ಲ. ಜಗಳ ತೆಗೆಯಲಿಲ್ಲ. ನನ್ನ ಕೈ ನೋಡಿದಳು. ಉಗುರಿನ ಸಂದಿಯಲ್ಲಿ ಬಳಪದ ಬಿಳುಪು ಇತ್ತು — ನಾನೂ ಆಗಲೇ ಕಂಡೆ.

ತಪ್ಪು ಮುಚ್ಚಲು ಗೆರೆಗಳನ್ನು ಆಕೆಯೇ ಒರೆಸಿದಳು ಎಂದು ಎಲ್ಲರೂ ತಿಳಿದರು. ಕಾರು ಗುಜರಿಗೆ ಹೋಯಿತು. ಶಿವಶರಣ ಬೇರೆಯವರ ಗಾಡಿಗೆ ಡ್ರೈವರ್ ಆಗಿ ಸೇರಿದ. ಸುಳ್ಳು ಹೇಳುವ ಕೈಗೆ ಸ್ಟೇರಿಂಗ್ ಕೊಡುವುದಿಲ್ಲ ಎಂದ. ಮನೆಯಲ್ಲಿ ಏನು ಕಳೆದರೂ, ಏನು ಒಡೆದರೂ ಮೊದಲು ಆಕೆಯನ್ನೇ ಕೇಳುವುದು ರೂಢಿಯಾಯಿತು. ಆಕೆ ಏನು ಹೇಳಿದರೂ ಅವನು ಇನ್ನೊಬ್ಬರನ್ನು ಕೇಳಿಯೇ ನಂಬುತ್ತಿದ್ದ, ಈಗಲೂ ಹಾಗೆಯೇ. ಯಜಮಾನರು ಕಡ್ಡಿ ಹಿಡಿದು ಮತ್ತೆ ನನ್ನ ಬಾಗಿಲಿಗೆ ಬರತೊಡಗಿದರು. ನಾನು ಮೂಸಿದೆ, ಸಂತೋಷದಿಂದಲೇ ಮೂಸಿದೆ. ಅವರು ನನ್ನನ್ನು ನಂಬಿಕೊಂಡೇ ಸತ್ತರು.

ಹೋದ ತಿಂಗಳು ಪುಂಡಿಪಲ್ಯ ಬಿಡಿಸುತ್ತಾ ಕೂತಾಗ ನೀಲಮ್ಮನಿಗೆ ಎಲ್ಲ ಹೇಳಿದೆ. ಆಕೆ ಎಲೆ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ನನಗ್ಯಾಕ ಹೇಳ್ತೀರಿ ಅಕ್ಕಾ? ನಾ ತೋರ್ಸಿದ್ದು ನನಗ ಗೊತ್ತಿಲ್ಲೇನು? ನಮ್ಮ ಮನಿಯವರಿಗೆ ಹೇಳ್ರಿ."

ಅಂದಿನಿಂದ ಹೇಳಲು ನೋಡುತ್ತಿದ್ದೇನೆ. ಶಿವಶರಣ ಉಣ್ಣಲು ಕೂತಾಗ ಬಾಯಿ ತೆರೆಯುತ್ತೇನೆ — ಮಜ್ಜಿಗೆ ಹಾಕಲೇ ಎಂದು ಕೇಳಿ ಬರುತ್ತೇನೆ. ಬಾಯಿಂದ ಆಗದ್ದಕ್ಕೆ ಬರೆದಿದ್ದೇನೆ. ಎಳ್ಳ ಅಮಾವಾಸ್ಯೆಗೆ ಎಲ್ಲರೂ ಹೊಲದಲ್ಲಿ ಸೇರುತ್ತಾರೆ — ಮಕ್ಕಳು, ಸೊಸೆಯರು, ಮೊಮ್ಮಕ್ಕಳು. ಊಟ ಆದ ಮೇಲೆ ಓದುತ್ತೇನೆ. ನನ್ನ ಓದು ತಡೆತಡೆದು ಬರುತ್ತದೆ, ಹೊತ್ತು ಹಿಡಿಯುತ್ತದೆ. ಶಿವಶರಣ ಎದ್ದು ಹೋದರೆ ಹಿಂದೆ ಹೋಗಿ ಓದುತ್ತೇನೆ. ನೀಲಮ್ಮ ಅಲ್ಲಿ ಕೂತು ಕೇಳಲಿ ಎಂದು ನಾನು ಕೇಳಿಕೊಳ್ಳುವುದಿಲ್ಲ. ಆಕೆಗೆ ಇದರಲ್ಲಿ ಹೊಸದು ಏನೂ ಇಲ್ಲ.